ಕ್ಷಣ ಒಂದು, ಹೆಸರು ಹಲವು

ಹಿಂದೆ ಮದುವೆಯ ಮನೆಯಲ್ಲಿ ಮುಹೂರ್ತ ಸಮೀಪಿಸಿದಾಗ "ಈಗ ಗಂಟೆ ಎಷ್ಟು?" ಎಂದು ಯಾರಾದರೂ ಕೇಳಿದರೆ ನಾಲ್ವರು ಹಿರಿಯರು ನಾಲ್ಕು ಉತ್ತರಗಳನ್ನು ಕೊಡುತ್ತಿದ್ದರು. ಪ್ರತಿಯೊಬ್ಬರಿಗೂ ತಮ್ಮ ಕೈಗಡಿಯಾರದ ಮೇಲೆಯೇ ನಂಬಿಕೆ. ಕೊನೆಗೆ ಪುರೋಹಿತರು ಯಾವುದೋ ಒಂದನ್ನು ಒಪ್ಪಿಕೊಂಡು ಕಾರ್ಯವನ್ನು ನಡೆಸುತ್ತಿದ್ದರು. ಇಂದು ಅದೇ ಪ್ರಶ್ನೆಯನ್ನು ಕೇಳಿ ನೋಡಿರಿ. ನಾಲ್ವರೂ ಜೇಬಿನಿಂದ ಮೊಬೈಲು ಫೋನನ್ನು ತೆಗೆಯುತ್ತಾರೆ. ನಾಲ್ಕರಲ್ಲಿಯೂ ಒಂದೇ ಗಂಟೆ, ಒಂದೇ ನಿಮಿಷ. ಈ ಒಮ್ಮತ ಎಲ್ಲಿಂದ ಬಂದಿತು?

ಫೋನಿನೊಳಗೆ ಬಹಳ ಒಳ್ಳೆಯ ಗಡಿಯಾರವಿದೆ ಎಂದು ನಮ್ಮ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಉತ್ತರ ಕೊಡುತ್ತಾರೆ. ಇದು ತಪ್ಪು. ಫೋನಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಇರುವ ಗಡಿಯಾರವು ಸಾಧಾರಣವಾದದ್ದು; ಬೆಲೆಯಲ್ಲಿಯೂ ಗುಣದಲ್ಲಿಯೂ ಅಂಗಡಿಯಲ್ಲಿ ಸಿಕ್ಕುವ ಅಗ್ಗದ ಕೈಗಡಿಯಾರಕ್ಕಿಂತ ಅದು ಬಹಳ ಮೇಲೇನಲ್ಲ. ಅವು ಒಮ್ಮತದಿಂದ ನಡೆಯುವುದಕ್ಕೆ ಕಾರಣ ಅವುಗಳ ಸ್ವಂತ ಬುದ್ಧಿಯಲ್ಲ, ಅವುಗಳ ವಿನಯ. ತಮಗೆ ಸರಿಯಾದ ಕಾಲ ತಿಳಿಯದೆಂದು ಒಪ್ಪಿಕೊಂಡು ಅವು ಆಗಾಗ ತಿಳಿದವರನ್ನು ಕೇಳುತ್ತಿರುತ್ತವೆ.

ಈ ವಿಷಯವನ್ನು ಕುರಿತು ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಒಂದು ಕ್ಷಣ ಬೇರೆ, ಆ ಕ್ಷಣಕ್ಕೆ ಒಂದೊಂದು ಊರಿನವರು ಕೊಡುವ ಹೆಸರು ಬೇರೆ. ಕ್ಷಣವನ್ನು ಎಣಿಸುವ ಕೆಲಸವು ಜಗತ್ತಿಗೆಲ್ಲ ಒಂದೇ ಆಗಿರಬೇಕು. ಅದನ್ನು ಯಾರೂ ಕೈಯಿಂದ ತಿರುಗಿಸಕೂಡದು. ಊರಿಂದ ಊರಿಗೆ ಹೋದಾಗ ಬದಲಾಗಬೇಕಾದುದು ಹೆಸರು ಮಾತ್ರ. ಈ ಭೇದವನ್ನು ಮರೆತರೆ ಎಂತಹ ತೊಂದರೆಯಾಗುತ್ತದೆಂಬುದನ್ನು ನಾವು ನಮ್ಮ ಸ್ವಂತ ತಪ್ಪಿನಿಂದಲೇ ಕಲಿತೆವು.

ಕೆಲವು ವರ್ಷಗಳ ಹಿಂದೆ ನಮ್ಮ ಇಬ್ಬರು ವಿದ್ಯಾರ್ಥಿಗಳು ವಾಯುಭಾರದ ಅಳತೆಗಳನ್ನು ಕೈಗೊಂಡಿದ್ದರು. ಉಷ್ಣವಲಯದಲ್ಲಿ ವಾಯುಭಾರವು ದಿನಕ್ಕೆ ಎರಡು ಸಲ, ಬೆಳಗ್ಗೆ ಸುಮಾರು 10 ಗಂಟೆಗೆ ಮತ್ತು ರಾತ್ರಿ ಸುಮಾರು 10 ಗಂಟೆಗೆ, ಏರಿ ಮತ್ತೆ ಇಳಿಯುತ್ತದೆ. ಸಮುದ್ರದಲ್ಲಿರುವಂತೆ ವಾಯುವಿನಲ್ಲಿಯೂ ಒಂದು ಬಗೆಯ ಭರತ ಇಳಿತ ಉಂಟು. ಅದನ್ನು ಕಾಣಬೇಕೆಂದು ಹುಡುಗರು ಹದಿನೈದು ದಿನ ನಿದ್ರೆಗೆಟ್ಟು ಅಂಕಿಗಳನ್ನು ಬರೆದಿದ್ದರು. ಆ ಪಟ್ಟಿಯ ಪ್ರತಿಯೊಂದನ್ನು ನಾವು ನಮ್ಮ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಂಡು ರಜೆಯಲ್ಲಿ ದುಬೈಯಲ್ಲಿರುವ ಬಂಧುಗಳ ಮನೆಗೆ ಹೋದೆವು. ಅಲ್ಲಿಯ ಗಂಟೆ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಗಡಿಯಾರವು ಊರಿನ ಗಂಟೆಯನ್ನು ತೋರಿಸಲೆಂದು, ತಾನಾಗಿ ಸರಿಪಡಿಸಿಕೊಳ್ಳುವ ಏರ್ಪಾಡನ್ನು ನಿಲ್ಲಿಸಿ, ಮುಳ್ಳನ್ನು ಒಂದೂವರೆ ಗಂಟೆ ಹಿಂದಕ್ಕೆ ತಿರುಗಿಸಿದೆವು. ಕೈಗಡಿಯಾರಕ್ಕೆ ಮಾಡುವುದನ್ನೇ ಕಂಪ್ಯೂಟರಿಗೂ ಮಾಡಿದೆವು, ಅಷ್ಟೆ.

ಒಂದು ದಿನ ಅಲ್ಲಿ ಕುಳಿತು ಪಟ್ಟಿಯಲ್ಲಿದ್ದ ಉಷ್ಣತೆಯ ದೋಷಗಳನ್ನೆಲ್ಲ ತಿದ್ದಿ, ದುಬೈಯ 11 ಗಂಟೆಗೆ ಕಡತವನ್ನು ಉಳಿಸಿದೆವು. ಆಗ ಭಾರತದಲ್ಲಿ 12 ಗಂಟೆ 30 ನಿಮಿಷ. ಅದಕ್ಕೆ ಅರ್ಧ ಗಂಟೆ ಮೊದಲು, ಅಂದರೆ ನಮ್ಮಲ್ಲಿಯ 12 ಗಂಟೆಗೆ, ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿ ಹಳೆಯ ಪ್ರತಿಯನ್ನು ತೆರೆದು ತಲೆಬರಹದ ಒಂದು ಕಾಗುಣಿತವನ್ನು ತಿದ್ದಿದ್ದನು. ಹಿಂದಿರುಗಿದ ಮೇಲೆ ಎರಡು ಯಂತ್ರಗಳ ಕಡತಗಳನ್ನು ಹೊಂದಿಸುವ ಕ್ರಮವಿಧಿಯನ್ನು ನಡೆಸಿದೆವು. ಹೊಸದನ್ನು ಉಳಿಸಿ ಹಳೆಯದನ್ನು ಅಳಿಸುವುದು ಅದರ ನಿಯಮ. ನಮ್ಮ ಯಂತ್ರವು ಇನ್ನೂ ತಾನು ಭಾರತದಲ್ಲಿಯೇ ಇರುವೆನೆಂದು ತಿಳಿದು ನಮ್ಮ ಪ್ರತಿಯ ಮೇಲೆ 11 ಗಂಟೆ ಎಂದು ಮುದ್ರೆಯೊತ್ತಿತ್ತು. ಹುಡುಗನ ಪ್ರತಿಯ ಮೇಲೆ 12 ಗಂಟೆಯ ಮುದ್ರೆ. ಹೀಗಾಗಿ ನಿಜವಾಗಿ ಹಳೆಯದಾದದ್ದು ಹೊಸದೆನಿಸಿಕೊಂಡಿತು; ನಾವು ತಿದ್ದಿದ ಪ್ರತಿ ಅಳಿಸಿಹೋಯಿತು. ತಿದ್ದದ ಅಂಕಿಗಳನ್ನು ಹಿಡಿದುಕೊಂಡು ಬಂದ ಹುಡುಗನನ್ನು ನಾವು ಎಲ್ಲರ ಮುಂದೆ ಗದರಿಸಿದೆವು. ಎರಡು ದಿನಗಳ ಮೇಲೆ ಕಾರಣ ತಿಳಿಯಿತು. ಎಲ್ಲರ ಮುಂದೆಯೇ ಅವನ ಕ್ಷಮೆಯನ್ನು ಕೇಳಿದೆವು.

ನಾವು ಮಾಡಬೇಕಾಗಿದ್ದುದು ಇಷ್ಟೇ: ಮುಳ್ಳನ್ನು ಮುಟ್ಟದೆ, "ನಾನೀಗ ದುಬೈಯ ಕಾಲವಲಯದಲ್ಲಿದ್ದೇನೆ" ಎಂದು ಯಂತ್ರಕ್ಕೆ ತಿಳಿಸುವುದು. ಆಗ ಪರದೆಯ ಮೇಲೆ 11 ಗಂಟೆ ಕಾಣುತ್ತಿತ್ತು. ಒಳಗೆ ಮಾತ್ರ ಯು.ಟಿ.ಸಿ. ಎಂಬ ಜಾಗತಿಕ ಕಾಲದಲ್ಲಿ 7 ಗಂಟೆ ಎಂಬ ಮುದ್ರೆ ಬೀಳುತ್ತಿತ್ತು. ಹುಡುಗನ ಪ್ರತಿಗೆ 6 ಗಂಟೆ 30 ನಿಮಿಷ. ಯಾವುದು ಮೊದಲು, ಯಾವುದು ಆಮೇಲೆ ಎಂಬುದರಲ್ಲಿ ಸಂದೇಹಕ್ಕೆಡೆಯೇ ಇರುತ್ತಿರಲಿಲ್ಲ.

ಈ ಪಾಠವು ಹೊಸದೇನೂ ಅಲ್ಲ. ನಾವಿಕರು ಅದನ್ನು ಎರಡೂವರೆ ಶತಮಾನಗಳ ಹಿಂದೆಯೇ ಕಲಿತಿದ್ದರು. ಸಮುದ್ರದ ನಡುವೆ ಹಡಗಿನ ರೇಖಾಂಶವನ್ನು ತಿಳಿಯಬೇಕಾದರೆ ಸೂರ್ಯನಿಂದ ತಿಳಿಯುವ ಅಲ್ಲಿಯ ಕಾಲವನ್ನೂ, ಹೊರಟ ಬಂದರಿನ ಕಾಲವನ್ನೂ ಹೋಲಿಸಬೇಕು. ಒಂದು ಗಂಟೆಯ ವ್ಯತ್ಯಾಸಕ್ಕೆ 15 ಡಿಗ್ರಿ. ಸಮಭಾಜಕ ವೃತ್ತದ ಬಳಿ ಗಡಿಯಾರವು 4 ಸೆಕೆಂಡು ತಪ್ಪಿದರೆ ಹಡಗಿನ ಸ್ಥಾನವು ಸುಮಾರು 1.85 ಕಿಲೋಮೀಟರು ತಪ್ಪುತ್ತದೆ. ಇಂಗ್ಲೆಂಡಿನ ಜಾನ್ ಹ್ಯಾರಿಸನ್ ಎಂಬ ಕುಶಲಕರ್ಮಿ ರಚಿಸಿದ ನಾಲ್ಕನೆಯ ಸಮುದ್ರ ಗಡಿಯಾರವನ್ನು 1761ರಲ್ಲಿ ಜಮೈಕಾಕ್ಕೆ ಹೊರಟ ಹಡಗಿನಲ್ಲಿ ಕಳುಹಿಸಿದರು. ಅದರ ದೈನಂದಿನ ದೋಷ ಎಷ್ಟೆಂದು ಮೊದಲೇ ಗೊತ್ತುಮಾಡಿಕೊಂಡಿದ್ದರು. ಅದನ್ನು ಲೆಕ್ಕಕ್ಕೆ ಹಿಡಿದ ಮೇಲೆ, 81 ದಿನಗಳಲ್ಲಿ ಅದು ತಪ್ಪಿದ್ದು ಸುಮಾರು 5 ಸೆಕೆಂಡು ಮಾತ್ರ.

ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಮೊದಲನೆಯದು: ಹಡಗು ಎಷ್ಟು ದೂರ ಹೋದರೂ ಆ ಗಡಿಯಾರದ ಮುಳ್ಳನ್ನು ದಾರಿಯಲ್ಲಿ ಯಾರೂ ತಿರುಗಿಸುತ್ತಿರಲಿಲ್ಲ. ಹಡಗಿನ ಊಟ ಕಾವಲುಗಳಿಗೆ ಬೇರೆ ಗಡಿಯಾರವಿರುತ್ತಿತ್ತು. ಎರಡನೆಯದು: ಗಡಿಯಾರದಲ್ಲಿ ದೋಷವೇ ಇರಬಾರದೆಂದು ನಾವಿಕನು ಬಯಸುತ್ತಿರಲಿಲ್ಲ, ಅದು ಎಷ್ಟೆಂದು ತಿಳಿದಿದ್ದರೆ ಅವನಿಗೆ ಸಾಕಾಗಿತ್ತು. ತಿಳಿದ ದೋಷವು ದೋಷವಲ್ಲ, ಅದೊಂದು ಅಂಕಿ. ತಿಳಿಯದ ದೋಷವೇ ಹಡಗನ್ನು ಬಂಡೆಗೆ ಬಡಿಯುವಂತಹುದು.

ಊರಿಗೊಂದು ಕಾಲವಿದ್ದ ದಿನಗಳನ್ನು ನಮ್ಮ ದೇಶವೂ ಕಂಡಿದೆ. ನಮ್ಮ ಈಗಿನ ಭಾರತೀಯ ಕಾಲವು ಪೂರ್ವ ರೇಖಾಂಶ 82.5 ಡಿಗ್ರಿಯನ್ನು ಆಧರಿಸಿದ್ದು. 1906ರ ಜನವರಿ 1ರಿಂದ ಜಾರಿಗೆ ಬಂದದ್ದು. ಅದಕ್ಕೆ ಮೊದಲು ರೈಲುಗಳು ಮದರಾಸಿನ ವೀಕ್ಷಣಾಲಯದ ಕಾಲದಂತೆ ಓಡುತ್ತಿದ್ದವು. ಹೊಸ ಕಾಲವನ್ನು ಎಲ್ಲರೂ ಸಂತೋಷದಿಂದ ಒಪ್ಪಲಿಲ್ಲ. ಕಲ್ಕತ್ತವು ತನ್ನ ಕಾಲವನ್ನು 1948ರವರೆಗೂ, ಮುಂಬಯಿ 1955ರವರೆಗೂ ಉಳಿಸಿಕೊಂಡಿದ್ದವು. ವಿನೋದವೆಂದರೆ, ಇಂದು ಕಂಪ್ಯೂಟರುಗಳಲ್ಲಿ ಭಾರತೀಯ ಕಾಲವಲಯಕ್ಕೆ ಇಟ್ಟಿರುವ ಹೆಸರು "ಏಷ್ಯಾ/ಕೋಲ್ಕತಾ". ಒಪ್ಪಲಾರೆನೆಂದು ಹಟ ಹಿಡಿದ ಊರೇ ಇಡೀ ದೇಶದ ಕಾಲಕ್ಕೆ ಹೆಸರಾಯಿತು!

ಬೆಂಗಳೂರು ಸುಮಾರು 77.6 ಡಿಗ್ರಿಯ ಮೇಲಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ಅಲ್ಲಿಯ ಸೂರ್ಯನ ಕಾಲವು ಗಡಿಯಾರದ ಕಾಲಕ್ಕಿಂತ ಸರಾಸರಿ 20 ನಿಮಿಷದಷ್ಟು ಹಿಂದೆ. ಮಂಗಳೂರಿನಲ್ಲಿ ಅರ್ಧ ಗಂಟೆ ಹಿಂದೆ. ಆದರೂ ಯಾರ ಬಾಳಿಗೂ ಇದರಿಂದ ಕುಂದಾಗಿಲ್ಲ. ಗಡಿಯಾರದ ಹನ್ನೆರಡು ಗಂಟೆ ಎಂಬುದು ಸೂರ್ಯನ ಅಪ್ಪಣೆಯಲ್ಲ, ನಮ್ಮ ನಮ್ಮಲ್ಲಿ ಆದ ಒಪ್ಪಂದ. ಇದನ್ನು ನೆನಪಿನಲ್ಲಿಟ್ಟುಕೊಳ್ಳಿರಿ, ಮುಂದೆ ಮತ್ತೆ ಬೇಕಾಗುತ್ತದೆ.

ಇನ್ನು ಕಂಪ್ಯೂಟರಿನೊಳಗಿನ ಗಡಿಯಾರವನ್ನು ನೋಡೋಣ. ಅದರ ಹೃದಯವು ಕ್ವಾರ್ಟ್ಸ್ ಸ್ಫಟಿಕದ ಒಂದು ಸಣ್ಣ ಕವೆ. ವಿದ್ಯುತ್ತಿನ ಪ್ರಚೋದನೆಯಿಂದ ಅದು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಈ ಸಂಖ್ಯೆ 2ರ 15ನೆಯ ಘಾತ. ಹದಿನೈದು ಸಲ ಅರ್ಧ ಮಾಡುತ್ತ ಹೋದರೆ ಸರಿಯಾಗಿ ಸೆಕೆಂಡಿಗೆ ಒಂದು ಮಿಡಿತ ಉಳಿಯುತ್ತದೆ. ಉಪಾಯ ಸೊಗಸಾದದ್ದೇ. ಆದರೆ ಸಾಧಾರಣ ಸ್ಫಟಿಕದ ಕಂಪನವು ಹತ್ತು ಲಕ್ಷದಲ್ಲಿ 20 ಭಾಗದಷ್ಟು ಹೆಚ್ಚು ಕಡಿಮೆ ಇರಬಹುದು. ದಿನಕ್ಕೆ 86,400 ಸೆಕೆಂಡುಗಳಷ್ಟೆ. ಆದುದರಿಂದ ದೋಷವು ದಿನಕ್ಕೆ ಸುಮಾರು 1.7 ಸೆಕೆಂಡು, ತಿಂಗಳಿಗೆ ಸುಮಾರು 52 ಸೆಕೆಂಡು. ಮೇಲಾಗಿ, ಉಷ್ಣತೆಯು 25 ಡಿಗ್ರಿ ಸೆಲ್ಸಿಯಸಿನಿಂದ ಮೇಲೆ ಹೋದರೂ ಕೆಳಗೆ ಹೋದರೂ ಈ ಬಗೆಯ ಸ್ಫಟಿಕವು ನಿಧಾನವಾಗುತ್ತದೆ; ನಿಧಾನವು ಉಷ್ಣತೆಯ ವ್ಯತ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ರಾಯಚೂರಿನ ಬೇಸಗೆಯಲ್ಲಿ 45 ಡಿಗ್ರಿಗೆ ಕಾದ ಕೋಣೆಯಲ್ಲಿಟ್ಟ ಗಡಿಯಾರ ಈ ಕಾರಣದಿಂದಲೇ ದಿನಕ್ಕೆ ಒಂದು ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳಬಲ್ಲದು.

ಹೀಗಿರುವಾಗ ಯಂತ್ರವು ಬಲ್ಲವರನ್ನು ಕೇಳದೆ ಗತಿಯಿಲ್ಲ. ಬಲ್ಲವರನ್ನು ಕೇಳುವ ಈ ಪದ್ಧತಿಗೂ ಒಂದು ಇತಿಹಾಸವಿದೆ. ಲಂಡನ್ನಿನಲ್ಲಿ ಜಾನ್ ಹೆನ್ರಿ ಬೆಲ್ವಿಲ್ ಎಂಬವರು 1836ರಲ್ಲಿ ಒಂದು ವಿಚಿತ್ರ ವ್ಯಾಪಾರವನ್ನು ಆರಂಭಿಸಿದರು. ಗ್ರೀನಿಚ್ ವೀಕ್ಷಣಾಲಯದ ಗಡಿಯಾರದೊಡನೆ ತಮ್ಮ ಕೈಯ ಗಡಿಯಾರವನ್ನು ಹೋಲಿಸಿಕೊಂಡು, ಊರೊಳಗಿನ ಗಡಿಯಾರದ ಅಂಗಡಿಗಳಿಗೆ ಹೋಗಿ ಅದನ್ನು ತೋರಿಸಿ ಹಣ ಪಡೆಯುವುದು! ಅವರ ತರುವಾಯ ಅವರ ಪತ್ನಿಯೂ, 1892ರಿಂದ ಮಗಳು ರೂತ್ ಅವರೂ ಈ ವೃತ್ತಿಯನ್ನು ಮುಂದುವರಿಸಿದರು. ರೂತ್ ಬೆಲ್ವಿಲ್ 1940ರವರೆಗೂ ಹೀಗೆ ಕಾಲವನ್ನು ಮನೆ ಮನೆಗೆ ಹೊತ್ತು ಮಾರಿದರು. ಅಂಗಡಿಯವನು ಅವರಿಂದ ಕೇಳುವನು, ಗಿರಾಕಿಯು ಅಂಗಡಿಯವನಿಂದ ಕೇಳುವನು. ಹೀಗೆ ಕಾಲವು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಬರುತ್ತಿತ್ತು.

ಕಂಪ್ಯೂಟರ್ ಜಾಲದಲ್ಲಿ ಇಂದು ನಡೆಯುವುದೂ ಇದೇ. ಅಮೆರಿಕದ ಡೆಲವೇರ್ ವಿಶ್ವವಿದ್ಯಾನಿಲಯದ ಡೇವಿಡ್ ಮಿಲ್ಸ್ ಅವರು ರೂಪಿಸಿದ, ಎನ್.ಟಿ.ಪಿ. ಎಂದು ಕರೆಯುವ, ಜಾಲದ ಕಾಲ ನಿಯಮಾವಳಿ 1985ರಲ್ಲಿ ಪ್ರಕಟವಾಯಿತು. ಬಾಲ್ಯದಿಂದ ಕಣ್ಣಿನ ರೋಗಕ್ಕೆ ತುತ್ತಾಗಿ ಕಡೆಗೆ ದೃಷ್ಟಿಯನ್ನೇ ಕಳೆದುಕೊಂಡ ಈ ವಿದ್ವಾಂಸರು 2024ರ ಜನವರಿಯಲ್ಲಿ ನಿಧನರಾದರು. ಇದರಲ್ಲಿ ಪರಮಾಣು ಗಡಿಯಾರಗಳದು ಸೊನ್ನೆಯ ಮೆಟ್ಟಿಲು; ಅವಕ್ಕೆ ನೇರವಾಗಿ ಜೋಡಿಸಿದ ಯಂತ್ರಗಳದು ಒಂದನೆಯದು; ಅವನ್ನು ಕೇಳುವ ಯಂತ್ರಗಳದು ಎರಡನೆಯದು. ಹೀಗೆ 15ನೆಯ ಮೆಟ್ಟಿಲಿನವರೆಗೆ ಇಳಿಯಬಹುದು. 16 ಎಂದರೆ "ನನಗೆ ಕಾಲ ತಿಳಿಯದು" ಎಂಬ ಪ್ರಾಮಾಣಿಕ ಒಪ್ಪಿಗೆ.

ಆದರೆ ಕೇಳುವುದರಲ್ಲಿ ಒಂದು ತೊಡಕುಂಟು. ಉತ್ತರವು ದಾರಿಯಲ್ಲಿ ಬರುತ್ತಿರುವಾಗಲೇ ಹಳೆಯದಾಗುತ್ತದೆ. ಬೆಂಗಳೂರಿಗೂ ದೆಹಲಿಗೂ 1,700 ಕಿಲೋಮೀಟರಿಗಿಂತ ಹೆಚ್ಚು ಅಂತರ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಸಾಗುತ್ತದೆ. ಎಂದರೆ ಒಂದು ಕಡೆಯ ಪ್ರಯಾಣಕ್ಕೇ ಕಡಿಮೆಯೆಂದರೂ 8 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುತ್ತದೆ. ಈ ತಡವನ್ನು ಕಳೆಯುವುದು ಹೇಗೆ?

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಮಡಿಕೇರಿಯಂತಹ ಗುಡ್ಡದ ಊರಿನಲ್ಲಿ ಎರಡು ವಿದ್ಯಾರ್ಥಿನಿಲಯಗಳಿವೆಯೆಂದು ಇಟ್ಟುಕೊಳ್ಳಿರಿ. ಕೆಳಗಿನ ನಿಲಯದಲ್ಲಿ ನೀವಿದ್ದೀರಿ. ಮೇಲಿನ ನಿಲಯದಲ್ಲಿ ಸರಿಯಾದ ಗಡಿಯಾರವಿಟ್ಟುಕೊಂಡ ನಿಮ್ಮ ಮಿತ್ರನಿದ್ದಾನೆ. ನಿಮ್ಮ ಗಡಿಯಾರದಲ್ಲಿ 10 ಗಂಟೆಗೆ ಒಂದು ಚೀಟಿಯನ್ನು ಹುಡುಗನ ಕೈಯಲ್ಲಿ ಕಳುಹಿಸುತ್ತೀರಿ. ಅದು ಮಿತ್ರನ ಕೈಸೇರಿದಾಗ ಅವನ ಗಡಿಯಾರದಲ್ಲಿ 10 ಗಂಟೆ 7 ನಿಮಿಷ. ಅದನ್ನು ಬರೆದು ಅವನು 10 ಗಂಟೆ 8 ನಿಮಿಷಕ್ಕೆ ಹಿಂದಕ್ಕೆ ಕಳುಹಿಸುತ್ತಾನೆ. ಚೀಟಿ ನಿಮಗೆ ತಲುಪಿದಾಗ ನಿಮ್ಮ ಗಡಿಯಾರದಲ್ಲಿ 10 ಗಂಟೆ 5 ನಿಮಿಷ. ನೀವು ಕಾದದ್ದು ಒಟ್ಟು 5 ನಿಮಿಷ. ಅದರಲ್ಲಿ 1 ನಿಮಿಷ ಮಿತ್ರನ ಕೈಯಲ್ಲಿ ಕಳೆಯಿತು. ಉಳಿದ 4 ನಿಮಿಷ ದಾರಿಯ ಪ್ರಯಾಣ. ಹೋಗುವುದಕ್ಕೆ 2, ಬರುವುದಕ್ಕೆ 2 ಎಂದು ಹಿಡಿದರೆ, ನೀವು ಚೀಟಿ ಕಳುಹಿಸಿದಾಗ ಮಿತ್ರನ ಗಡಿಯಾರದಲ್ಲಿ 10 ಗಂಟೆ 5 ನಿಮಿಷವಾಗಿರಬೇಕು. ನಿಮ್ಮದು 5 ನಿಮಿಷ ಹಿಂದಿದೆ. ಜಾಲದ ಯಂತ್ರಗಳು ಮಾಡುವುದು ಈ ಲೆಕ್ಕವನ್ನೇ. ನಿಮಿಷಗಳ ಬದಲು ಮಿಲಿಸೆಕೆಂಡುಗಳು, ಹುಡುಗನ ಬದಲು ವಿದ್ಯುತ್ ಸಂಕೇತ.

ಜಾಣ ವಿದ್ಯಾರ್ಥಿಯು ಇಲ್ಲಿ ಕೈಯೆತ್ತಬೇಕು. ಗುಡ್ಡ ಹತ್ತುವುದಕ್ಕೂ ಇಳಿಯುವುದಕ್ಕೂ ಒಂದೇ ಸಮಯ ಹಿಡಿಯುತ್ತದೆಂದು ಹೇಳಿದವರು ಯಾರು? ಹತ್ತುವುದಕ್ಕೆ 3, ಇಳಿಯುವುದಕ್ಕೆ 1 ನಿಮಿಷ ಹಿಡಿದಿದ್ದರೆ ನಿಮ್ಮ ಗಡಿಯಾರ ಹಿಂದಿರುವುದು 5 ನಿಮಿಷವಲ್ಲ, 4 ನಿಮಿಷ. ಚೀಟಿಯ ಮೇಲಿನ ನಾಲ್ಕು ಅಂಕಿಗಳನ್ನು ಎಷ್ಟು ದಿಟ್ಟಿಸಿ ನೋಡಿದರೂ ಈ ದೋಷ ಹೊರಬೀಳುವುದಿಲ್ಲ. ನಾವು ಹೇಳಬಹುದಾದುದು ಇಷ್ಟೇ: ದೋಷವು ಒಟ್ಟು ಪ್ರಯಾಣದ ಅರ್ಧವನ್ನು, ಅಂದರೆ 2 ನಿಮಿಷವನ್ನು, ಮೀರಲಾರದು. ಭೌತಶಾಸ್ತ್ರವನ್ನು ಓದುವವರಿಗೆ ಈ ಪ್ರಶ್ನೆಯ ಪರಿಚಯವಿರಬೇಕು. ಐನ್‌ಸ್ಟೈನರು 1905ರ ತಮ್ಮ ಪ್ರಬಂಧದಲ್ಲಿ ದೂರದ ಎರಡು ಗಡಿಯಾರಗಳನ್ನು ಬೆಳಕಿನ ಸಂಕೇತದಿಂದ ಹೊಂದಿಸುವಾಗ, ಬೆಳಕು ಹೋಗುವುದಕ್ಕೂ ಬರುವುದಕ್ಕೂ ಒಂದೇ ಕಾಲ ಹಿಡಿಯುತ್ತದೆಂಬುದನ್ನು ವ್ಯಾಖ್ಯೆಯಾಗಿಯೇ ಸ್ವೀಕರಿಸಬೇಕಾಯಿತು. ನಮ್ಮ ಜೇಬಿನ ಯಂತ್ರವು ದಿನವೂ ಅದೇ ತೆರನಾದ ಒಂದು ಊಹೆಯ ಮೇಲೆ ನಡೆಯುತ್ತಿದೆ.

ದೋಷ ಎಷ್ಟೆಂದು ತಿಳಿದ ಮೇಲೆ ತಿದ್ದುವ ರೀತಿಯೂ ಗಮನಾರ್ಹವಾದದ್ದು. ವ್ಯತ್ಯಾಸವು 128 ಮಿಲಿಸೆಕೆಂಡಿಗಿಂತ ಕಡಿಮೆಯಿದ್ದರೆ ಮುಳ್ಳನ್ನು ಹಾರಿಸುವುದಿಲ್ಲ. ಗಡಿಯಾರದ ನಡಿಗೆಯನ್ನೇ ಸ್ವಲ್ಪ ಚುರುಕು ಅಥವಾ ನಿಧಾನ ಮಾಡುತ್ತದೆ. ಅದೂ ಹತ್ತು ಲಕ್ಷದಲ್ಲಿ 500 ಭಾಗಕ್ಕಿಂತ ಹೆಚ್ಚಲ್ಲ. ಸೆಕೆಂಡಿನ ಹತ್ತನೆಯ ಒಂದು ಭಾಗವನ್ನು ತಿದ್ದಲು 200 ಸೆಕೆಂಡಾದರೂ ಬೇಕು. ಇಷ್ಟು ತಾಳ್ಮೆ ಏಕೆ? ಮುಳ್ಳು ಹಿಂದಕ್ಕೆ ಹಾರಿದರೆ ಒಂದು ಕ್ಷಣ ಎರಡು ಸಲ ಬಂದಂತಾಗುತ್ತದೆ. ಆಮೇಲೆ ನಡೆದದ್ದು ಮೊದಲು ನಡೆದಂತೆ ದಾಖಲೆಯಾಗುತ್ತದೆ. ದೋಷವು 1,000 ಸೆಕೆಂಡನ್ನು ಮೀರಿದ್ದರೆ ಈ ಕ್ರಮವಿಧಿಯು ಸಾಮಾನ್ಯವಾಗಿ ತಿದ್ದಲು ಒಪ್ಪದೆ ಕೆಲಸ ನಿಲ್ಲಿಸುತ್ತದೆ. ಇಷ್ಟು ದೊಡ್ಡ ತಪ್ಪಿಗೆ ಬೇರೆ ಏನೋ ಕಾರಣವಿರಬೇಕು, ಮನುಷ್ಯನು ಬಂದು ನೋಡಲಿ ಎಂಬುದು ಅದರ ಭಾವ. ನಾವು ದುಬೈಯಲ್ಲಿ ಮಾಡಿದ್ದು 5,400 ಸೆಕೆಂಡಿನ ತಪ್ಪು!

"ಇಷ್ಟೊಂದು ಸೂಕ್ಷ್ಮವು ನಮಗೇಕೆ? ಬಸ್ಸು ಹಿಡಿಯಲು ಒಂದು ನಿಮಿಷ ಆಚೀಚೆಯಾದರೆ ಏನಾದೀತು?" ಎಂದು ಕೇಳುವವರುಂಟು. ಬಸ್ಸಿಗೆ ಏನೂ ಆಗದು. ಆದರೆ ಕಂಪ್ಯೂಟರಿಗೆ ಕಾಲವೆಂಬುದು ಬರಿಯ ಗಂಟೆಯಲ್ಲ. ಅದು ಯಾವುದು ಮೊದಲು, ಯಾವುದು ಆಮೇಲೆ ಎಂಬ ನ್ಯಾಯನಿರ್ಣಯದ ಸಾಧನ. ಒಂದೇ ಬ್ಯಾಂಕಿನ ಖಾತೆಯಿಂದ ಇಬ್ಬರು ಎರಡು ಊರುಗಳಲ್ಲಿ ಹಣ ತೆಗೆದರೆ, ಒಂದೇ ರೈಲಿನ ಕೊನೆಯ ಸ್ಥಳಕ್ಕೆ ಇಬ್ಬರು ಅರ್ಜಿ ಹಾಕಿದರೆ, ಮೊದಲಿಗರು ಯಾರು? ದೂರ ದೂರದ ಯಂತ್ರಗಳಲ್ಲಿ "ಮೊದಲು" ಎಂಬ ಮಾತಿನ ಅರ್ಥವೇ ಸುಲಭವಲ್ಲವೆಂದು ಲೆಸ್ಲಿ ಲ್ಯಾಂಪೋರ್ಟ್ ಎಂಬ ಅಮೆರಿಕದ ವಿಜ್ಞಾನಿ 1978ರಲ್ಲಿ ಬರೆದ ಲೇಖನವು ಈ ಶಾಸ್ತ್ರದ ಅಡಿಗಲ್ಲುಗಳಲ್ಲೊಂದಾಗಿದೆ.

ಪ್ರಯಾಣಿಕರಿಗಂತೂ ಇದು ನಿತ್ಯದ ವಿಷಯ. 30 ಸೆಕೆಂಡಿಗೊಮ್ಮೆ ಬದಲಾಗುವ ಆರು ಅಂಕಿಗಳ ಗುಪ್ತಸಂಖ್ಯೆಯನ್ನು ಫೋನಿನಲ್ಲಿ ನೀವು ಕಂಡಿರಬಹುದು. ಫೋನೂ ದೂರದ ಯಂತ್ರವೂ ಪರಸ್ಪರ ಮಾತನಾಡದೆ, ತಮ್ಮ ತಮ್ಮ ಗಡಿಯಾರಗಳಿಂದಲೇ ಒಂದೇ ಸಂಖ್ಯೆಯನ್ನು ಲೆಕ್ಕ ಹಾಕುತ್ತವೆ. ಪರದೇಶದಲ್ಲಿ ಫೋನಿನ ಮುಳ್ಳನ್ನು ಕೈಯಿಂದ ತಿರುಗಿಸಿದವನಿಗೆ ಆ ಸಂಖ್ಯೆ ತಪ್ಪಾಗಿ ಬರುತ್ತದೆ. ಅವನು ತನ್ನ ಖಾತೆಯ ಬಾಗಿಲಿನ ಹೊರಗೇ ನಿಲ್ಲಬೇಕಾಗುತ್ತದೆ. ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಎರಡನ್ನೂ ಇಟ್ಟುಕೊಂಡ ವಿದ್ಯಾರ್ಥಿಗಳು ಗಡಿಯಾರವು ಇದ್ದಕ್ಕಿದ್ದಂತೆ ಐದೂವರೆ ಗಂಟೆ ತಪ್ಪುವುದನ್ನು ನೋಡಿರುತ್ತಾರೆ. ಅದರ ಕಾರಣವೂ ಇದೇ: ಯಂತ್ರದ ಒಳಗಡಿಯಾರದಲ್ಲಿ ಒಂದು ಊರಿನ ಕಾಲವಿದೆಯೆಂದು ವಿಂಡೋಸ್ ತಿಳಿಯುತ್ತದೆ, ಜಾಗತಿಕ ಕಾಲವಿದೆಯೆಂದು ಲಿನಕ್ಸ್ ತಿಳಿಯುತ್ತದೆ. ಕ್ಷಣವನ್ನೂ ಹೆಸರನ್ನೂ ಬೆರೆಸಿದ ಫಲವಿದು.

ಹೆಸರುಗಳಾದರೋ ಸರಕಾರಗಳ ಇಚ್ಛೆಯಂತೆ ಬದಲಾಗುತ್ತಿರುತ್ತವೆ. ಪೆಸಿಫಿಕ್ ಸಾಗರದ ಸಮೋವಾ ದೇಶವು ದಿನರೇಖೆಯ ಒಂದು ಪಕ್ಕದಿಂದ ಇನ್ನೊಂದಕ್ಕೆ ಸರಿಯುವ ಸಲುವಾಗಿ 2011ರ ಡಿಸೆಂಬರ್ 30ನೆಯ ತಾರೀಖನ್ನೇ ಬಿಟ್ಟುಬಿಟ್ಟಿತು. ಅಲ್ಲಿಯ ಜನರು 29ರಂದು ಮಲಗಿ 31ರಂದು ಎದ್ದರು. ಜಾಗತಿಕ ಕಾಲದ ಎಣಿಕೆಯಲ್ಲಿ ಮಾತ್ರ ಒಂದು ಸೆಕೆಂಡೂ ಕಳೆದುಹೋಗಲಿಲ್ಲ. ಕ್ಷಣವನ್ನು ಎಣಿಸಿಟ್ಟವನ ದಾಖಲೆ ಭದ್ರ. ಬರಿಯ ಹೆಸರನ್ನು ಬರೆದಿಟ್ಟವನು ಹೆಸರು ಬದಲಾದಾಗಲೆಲ್ಲ ಲೆಕ್ಕ ತಿದ್ದುತ್ತ ಕೂರಬೇಕು.

ನಿಜಕ್ಕೂ ಪ್ರಯಾಣದಿಂದ ಗಡಿಯಾರವೇ ಬದಲಾಗುವುದುಂಟೆ? ಉಂಟು. 1971ರಲ್ಲಿ ಹಾಫೆಲೆ ಮತ್ತು ಕೀಟಿಂಗ್ ಎಂಬ ಇಬ್ಬರು ಅಮೆರಿಕನರು ಸೀಸಿಯಮ್ ಪರಮಾಣು ಗಡಿಯಾರಗಳನ್ನು ಪ್ರಯಾಣಿಕರ ವಿಮಾನಗಳಲ್ಲಿಟ್ಟು ಭೂಮಿಯನ್ನು ಸುತ್ತಿಸಿದರು. ಪೂರ್ವಕ್ಕೆ ಸುತ್ತಿದವು 59 ನ್ಯಾನೊಸೆಕೆಂಡು ಹಿಂದೆ ಬಿದ್ದವು. ಪಶ್ಚಿಮಕ್ಕೆ ಸುತ್ತಿದವು 273 ನ್ಯಾನೊಸೆಕೆಂಡು ಮುಂದಾದವು. ಸಾಪೇಕ್ಷತಾ ಸಿದ್ಧಾಂತದ ನಿರೀಕ್ಷೆಗೆ ಇದು ಹೊಂದಿತು. ಜಿ.ಪಿ.ಎಸ್. ಉಪಗ್ರಹಗಳ ಗಡಿಯಾರಗಳು ಇದೇ ಕಾರಣದಿಂದ ದಿನಕ್ಕೆ 38 ಮೈಕ್ರೊಸೆಕೆಂಡು ಮುಂದೆ ಓಡುತ್ತವೆ. ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಅಷ್ಟರಲ್ಲಿ ಬೆಳಕು 11 ಕಿಲೋಮೀಟರು ಸಾಗಿರುತ್ತದೆ. ನಿಮ್ಮ ಲ್ಯಾಪ್‌ಟಾಪಿಗೆ ಈ ಚಿಂತೆ ಬೇಡ. ಅದರ ಸ್ಫಟಿಕದ ದೋಷವು ಇದಕ್ಕಿಂತ ಸಾವಿರಾರು ಪಟ್ಟು ದೊಡ್ಡದು. ಜಾಲವಿಲ್ಲದ ಊರಿನಲ್ಲಿ ಹತ್ತು ದಿನವಿದ್ದರೆ ಸುಮಾರು 17 ಸೆಕೆಂಡು ತಪ್ಪಬಹುದು. ಮುಳ್ಳನ್ನು ಮುಟ್ಟದೆ ಬಿಟ್ಟರೆ, ಜಾಲ ಸಿಕ್ಕಿದ ಕೂಡಲೇ ಅದು ತಾನಾಗಿ ಕೇಳಿ ತಿದ್ದಿಕೊಳ್ಳುತ್ತದೆ.

ಹಾಗಾದರೆ ನಾವು ಯಾರನ್ನು ಕೇಳಬೇಕು? ಭಾರತೀಯ ಕಾಲವನ್ನು ಕಾಪಾಡುವ ಹೊಣೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಅದರೊಡನೆ ಅಥವಾ ಕೇಂದ್ರ ಸರಕಾರದ ಮಾಹಿತಿ ಕೇಂದ್ರದೊಡನೆ ಸಂಸ್ಥೆಗಳು ತಮ್ಮ ಗಡಿಯಾರಗಳನ್ನು ಹೊಂದಿಸಬೇಕೆಂದು 2022ರ ಏಪ್ರಿಲಿನಲ್ಲಿ ಸರಕಾರದ ನಿರ್ದೇಶನ ಹೊರಟಿತು. ಅಹಮದಾಬಾದು, ಬೆಂಗಳೂರು, ಭುವನೇಶ್ವರ, ಫರೀದಾಬಾದು, ಗುವಾಹಟಿ ಈ ಐದು ಕಡೆಗಳಿಂದ ಕಾಲವನ್ನು ಹಂಚುವ ಯೋಜನೆ ರೂಪುಗೊಂಡಿತು. ಅದಕ್ಕೆ ಸಂಬಂಧಿಸಿದ ನಿಯಮಗಳ ಕರಡು 2025ರ ಜನವರಿಯಲ್ಲಿ ಪ್ರಕಟವಾಯಿತು. ಇದನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಕಾಲವು ಹತ್ತಿರದಿಂದ ಬಂದಷ್ಟೂ ದಾರಿಯ ತಡ ಕಡಿಮೆ, ದೋಷದ ಮಿತಿಯೂ ಕಡಿಮೆ ಎಂಬುದನ್ನು ಮೇಲಿನ ಚೀಟಿಯ ಲೆಕ್ಕದಿಂದಲೇ ತಿಳಿಯಬಹುದು. ಆದರೆ ಆಜ್ಞೆಯೊಂದರಿಂದಲೇ ಗಡಿಯಾರಗಳು ಸರಿಯಾಗವು. ಬಹುಮಟ್ಟಿಗೆ ನಮ್ಮ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ಸೆಂಟಿಮೀಟರಿನ ನೂರನೆಯ ಭಾಗವನ್ನು ಅಳೆಯಲು ಕಲಿಸುತ್ತೇವೆ. ಅಳತೆಯ ಪಕ್ಕದಲ್ಲಿ ಬರೆದ ಗಂಟೆ ಯಾವ ಗಡಿಯಾರದ್ದು, ಅದರ ದೋಷವೆಷ್ಟು ಎಂದು ಕೇಳುವುದೇ ಇಲ್ಲ. ಈ ಅಲಕ್ಷ್ಯವು ಉಪಾಧ್ಯಾಯರಾದ ನಮ್ಮದು.

ಇದೇ ತತ್ತ್ವವನ್ನು ಜಗತ್ತು ಈಗ ಇನ್ನೊಂದು ಕಡೆ ಒಪ್ಪಿಕೊಳ್ಳುತ್ತಿದೆ. ಭೂಮಿಯ ಆವರ್ತನವು ಪರಮಾಣು ಗಡಿಯಾರದಷ್ಟು ಸಮನಾಗಿಲ್ಲ. ಆದ್ದರಿಂದ 1972ರಿಂದ 2016ರವರೆಗೆ 27 ಸಲ ಜಾಗತಿಕ ಕಾಲಕ್ಕೆ ಒಂದೊಂದು ಸೆಕೆಂಡನ್ನು ಸೇರಿಸಿದರು. ನಮ್ಮ ಪಂಚಾಂಗದ ಅಧಿಕಮಾಸದಂತೆ ಇದೊಂದು ಅಧಿಕ ಸೆಕೆಂಡು. ಅಧಿಕಮಾಸವು ಯಾವಾಗ ಬರುವುದೆಂದು ಎಷ್ಟೋ ವರ್ಷ ಮುಂಚೆ ಲೆಕ್ಕ ಹಾಕಬಹುದು. ಇದನ್ನು ಹಾಗೆ ಹೇಳಲಾಗದು. 2012ರ ಜೂನ್ ಕೊನೆಯಲ್ಲಿ ಇಂತಹ ಒಂದು ಸೆಕೆಂಡು ಸೇರಿದಾಗ ಜಗತ್ತಿನ ಹಲವು ಕಂಪ್ಯೂಟರುಗಳು ತಬ್ಬಿಬ್ಬಾಗಿ ಸ್ತಬ್ಧವಾದವು. 2035ರೊಳಗೆ ಈ ಪದ್ಧತಿಯನ್ನು ಸಡಿಲಿಸಬೇಕೆಂದು ತೂಕ ಮತ್ತು ಅಳತೆಗಳ ಅಂತರರಾಷ್ಟ್ರೀಯ ಮಹಾಸಭೆಯು 2022ರ ನವೆಂಬರಿನಲ್ಲಿ ನಿರ್ಣಯಿಸಿತು. ಸೂರ್ಯನಿಂದ ದೂರ ಸರಿಯುತ್ತೇವೆಂದು ಕೆಲವರು ಕೊರಗುತ್ತಾರೆ. ನಲವತ್ತನಾಲ್ಕು ವರ್ಷಗಳಲ್ಲಿ ಕೂಡಿದ್ದು 27 ಸೆಕೆಂಡು. ಬೆಂಗಳೂರಿನವರು ಸೂರ್ಯನಿಂದ 20 ನಿಮಿಷ ದೂರವಾಗಿ 1906ರಿಂದಲೂ ಸುಖವಾಗಿದ್ದಾರೆ. ಓಡುತ್ತಿರುವ ಎಣಿಕೆಗೆ ಕೈಹಾಕುವುದಕ್ಕಿಂತ, ಸೂರ್ಯನ ವ್ಯತ್ಯಾಸವನ್ನು ಬೇರೆಯಾಗಿ ಬರೆದಿಡುವುದೇ ಲೇಸೆಂದು ನಮ್ಮ ಮತ.

ವಿದ್ಯಾರ್ಥಿ ಮಿತ್ರರು ಇದನ್ನು ಓದಿ ಬಿಡದೆ ಒಂದು ಪ್ರಯೋಗವನ್ನು ಮಾಡಿ ನೋಡಲಿ. ನಿಮ್ಮ ಶಾಲೆಯ ಒಂದು ಹಳೆಯ ಕಂಪ್ಯೂಟರನ್ನು ಜಾಲದಿಂದ ಬಿಡಿಸಿರಿ. ದಿನವೂ ಒಂದೇ ಹೊತ್ತಿಗೆ ಅದರ ಗಡಿಯಾರವನ್ನು ಸರಿಯಾದ ಕಾಲದೊಡನೆ ಹೋಲಿಸಿ, ವ್ಯತ್ಯಾಸವನ್ನೂ ಕೋಣೆಯ ಉಷ್ಣತೆಯನ್ನೂ ಬರೆಯಿರಿ. ಗಡಿಯಾರವನ್ನು ಮಾತ್ರ ತಿದ್ದಬೇಡಿರಿ. ಹದಿನೈದು ದಿನಗಳ ಮೇಲೆ ನಕ್ಷೆಯ ಕಾಗದದ ಮೇಲೆ ಬಿಂದುಗಳನ್ನು ಇಟ್ಟರೆ ಅವು ಹೆಚ್ಚು ಕಡಿಮೆ ಒಂದು ಸರಳರೇಖೆಯ ಮೇಲೆ ಬೀಳುತ್ತವೆ. ಆ ರೇಖೆಯ ಓಟವೇ ನಿಮ್ಮ ಗಡಿಯಾರದ ದೈನಂದಿನ ದೋಷ. ಹ್ಯಾರಿಸನ್ನನ ಗಡಿಯಾರದ ವಿಷಯದಲ್ಲಿ ನಾವಿಕರಿಗೆ ತಿಳಿದಿದ್ದುದು ಇದೇ. ಅಂದಿನಿಂದ ಆ ಯಂತ್ರವು ತಪ್ಪು ಕಾಲವನ್ನು ತೋರಿಸುತ್ತಿದ್ದರೂ ನಿಮಗೆ ಸರಿಯಾದ ಕಾಲವನ್ನು ಹೇಳಬಲ್ಲದು.

ನಾವು ಗದರಿಸಿದ ಆ ಹುಡುಗನು ಮರುವರ್ಷ ತನ್ನ ಅಳತೆಗಳನ್ನು ಮತ್ತೆ ತೆಗೆದನು. ಪುಸ್ತಕದ ಮೊದಲ ಪುಟದಲ್ಲಿಯೇ ಅವನು ಮೂರು ಸಾಲು ಬರೆದಿದ್ದನು: ಯಾವ ಗಡಿಯಾರ, ಯಾವ ವಲಯದ ಕಾಲ, ದೋಷ ಎಷ್ಟು. ಆ ವರ್ಷ ಬೆಳಗ್ಗೆ ಹತ್ತರ ಏರುವಿಕೆಯೂ ರಾತ್ರಿ ಹತ್ತರ ಏರುವಿಕೆಯೂ ಅವನ ನಕ್ಷೆಯಲ್ಲಿ ಸ್ಪಷ್ಟವಾಗಿ ಮೂಡಿದವು. ಈಗ ನಮ್ಮ ತರಗತಿಯ ಪ್ರತಿಯೊಂದು ಪ್ರಯೋಗ ಪುಸ್ತಕವೂ ಆ ಮೂರು ಸಾಲುಗಳಿಂದಲೇ ಆರಂಭವಾಗುತ್ತದೆ. ನಿಮ್ಮದೂ ಹಾಗೆಯೇ ಆರಂಭವಾಗಲಿ.